ಯಾರಿಗೋಸ್ಕರ ಕೂಗೋದು?

ಟಿಲ್‌ಬರ್ಗ್ ಊರಾಚೆ, ಜೋಳದ ಹೊಲಗಳ ನಡುವೆ, ಅರ್ಧ ಕಿಲೋಮೀಟರೂ ಇಲ್ಲದ ಒಂದು ರೇಸ್ ಟ್ರ್ಯಾಕಿದೆ. ಹಳೆಯ ಕಾರುಗಳ ಸೀಟು, ಗಾಜು ಎಲ್ಲ ಕಿತ್ತು, ಒಳಗೆ ಕಬ್ಬಿಣದ ಪೈಪು ಕೂರಿಸಿ ಭಾನುವಾರಗಳಂದು ಅಲ್ಲಿ ಸುತ್ತು ಹೊಡೆಯುತ್ತಾರೆ. ಒಂದಕ್ಕೊಂದು ಗುದ್ದುವುದೂ ಆಟದ ಭಾಗವೇ. ಅಲ್ಲಿನ ಮೈಕಿನಲ್ಲಿ ಕೇಳುವ ಡಚ್ ಭಾಷೆಗೆ ದಾವಣಗೆರೆಯ ರಾಗವಿದೆ. ಆ ದನಿ ಚಂದ್ರಪ್ರಭಾಳದು.

ಅವಳಿಗೆ ಐವತ್ತಮೂರು ವರ್ಷ. ವಾರದ ಐದು ದಿನ ಸಾಗಣೆ ಕಂಪನಿಯೊಂದರಲ್ಲಿ ಲಾರಿಗಳ ವೇಳಾಪಟ್ಟಿ ಹೊಂದಿಸುವ ಕೆಲಸ. ಗಂಡ ಮುರಳೀಧರ ಐಂಡ್‌ಹೋವನ್‌ನಲ್ಲಿ ಎಂಜಿನಿಯರ್. ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ಒಂದು ಭಾನುವಾರ ಇಬ್ಬರನ್ನೂ ರೇಸಿಗೆ ಕರೆದೊಯ್ದಿದ್ದರು. ಮುರಳೀಧರ ಕಿವಿ ಮುಚ್ಚಿ ಕೂತ. ಇವಳು ಸಂಜೆಯವರೆಗೂ ಕೂರಲೇ ಇಲ್ಲ. ಮುಂದೆ ಸುತ್ತು ಎಣಿಸುವ ಮೇಜಿಗೆ ಸೇರಿದಳು. ವೀಕ್ಷಕ ವಿವರಣೆಯವನ ಗಂಟಲು ಕಟ್ಟಿದ ದಿನ ಮೈಕ್ ಇವಳ ಕೈಗೆ ಬಂತು. ಒಂಬತ್ತು ವರ್ಷವಾಯಿತು, ಅದನ್ನು ಯಾರೂ ವಾಪಸ್ ಕೇಳಿಲ್ಲ.

ಹೋದ ಚಳಿಗಾಲದ ಸಭೆಯಲ್ಲಿ ಕ್ಲಬ್ಬಿನ ಕಾರ್ಯದರ್ಶಿ ವಿಲ್ಲೆಮ್ ಕನ್ನಡಕ ತೆಗೆದಿಟ್ಟು ಹೇಳಿದ: "ಈ ವರ್ಷ ನಮ್ಮ ಪ್ರೇಕ್ಷಕರಲ್ಲಿ ಐವರು ತೀರಿಕೊಂಡರು. ಹೊಸಬರು ಒಬ್ಬರೂ ಬಂದಿಲ್ಲ."

ಎಲ್ಲರೂ ಚಂದ್ರಪ್ರಭಾಳ ಕಡೆ ತಿರುಗಿದರು. ಸಮಿತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳೇ.

"ನಿನಗೆ ವಿದ್ಯಾರ್ಥಿಗಳ ಪರಿಚಯ ಇದೆಯಲ್ಲ?" ಎಂದ ವಿಲ್ಲೆಮ್.

ಅಲ್ಲಿಂದ ಶುರುವಾಯಿತು. ಆಫೀಸಿನಿಂದ ಬಂದು ಅಡುಗೆ ಮುಗಿಸಿ ಫೋನಿನಲ್ಲಿ ರೇಸ್ ವಿಡಿಯೋ ಕತ್ತರಿಸಿ ಹಾಕುವುದು, ಕಾಲೇಜುಗಳಿಗೆ ಉಚಿತ ಪಾಸು ಕಳಿಸುವುದು, ಡಿಜೆ ಗೊತ್ತು ಮಾಡುವುದು.

"ನಿಂಗ್ಯಾಕ್ ಬೇಕು ಈ ಉಸಾಬರಿ?" ಎಂದು ಮುರಳೀಧರ ಕೇಳಿದ. ಅವಳು ಮುಂದಿನ ವಿಡಿಯೋ ತೆರೆದಳು.

ಮೇ ತಿಂಗಳಲ್ಲಿ ಯುವಕರ ದಿನ ಬಂತು. ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ, ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನಿಹಾರಿಕಾ ಮೂವತ್ತು ಜನರನ್ನು ಕರೆತಂದಳು. ಅರ್ಧ ಕನ್ನಡದವರು, ಅರ್ಧ ಡಚ್ಚರು. ಭಾನುವಾರ ಆ ಕಡೆ ಬಸ್ಸಿಲ್ಲದೆ ಕೊನೆಯ ಎರಡು ಕಿಲೋಮೀಟರು ನಡೆದೇ ಬಂದಿದ್ದರು. ಮೊದಲ ರೇಸಿನಲ್ಲಿ ಎಲ್ಲರ ಫೋನುಗಳೂ ಮೇಲೆದ್ದವು. ಎರಡನೆಯದರಲ್ಲಿ ಕೆಳಗಿಳಿದವು. ಮೂರನೆಯ ರೇಸಿನ ಹೊತ್ತಿಗೆ ಹತ್ತು ಹನ್ನೊಂದು ಜನ ಗೇಟಿನತ್ತ ನಡೆಯುತ್ತಿದ್ದುದು ಮೈಕಿನ ಕೋಣೆಯಿಂದ ಚಂದ್ರಪ್ರಭಾಳಿಗೆ ಕಾಣಿಸಿತು. ಓದುತ್ತಿದ್ದ ನಂಬರು ಬಾಯಲ್ಲೇ ತಡವರಿಸಿತು.

ವಿರಾಮದಲ್ಲಿ ಕೆಳಗಿಳಿದು ನಿಹಾರಿಕಾಳನ್ನು ಕೇಳಿದಳು: "ಬೋರ್ ಆಯ್ತಾ? ನಿಜ ಹೇಳು, ನಾನ್ ಬೇಜಾರ್ ಮಾಡ್ಕೊಳಲ್ಲ."

ನಿಹಾರಿಕಾ ಸಂಕೋಚದಿಂದ, "ಆಂಟಿ, ನೀವು ಬರೀ ನಂಬರ್ ಹೇಳ್ತೀರ. ಎಪ್ಪತ್ತೊಂದು, ನಲವತ್ನಾಲ್ಕು ಅಂತ. ಒಳಗಡೆ ಯಾರಿದಾರೆ ಅಂತಾನೇ ನಮಗೆ ಗೊತ್ತಿಲ್ಲ. ಯಾರಿಗೋಸ್ಕರ ಕೂಗೋದು?" ಎಂದಳು.

ಚಂದ್ರಪ್ರಭಾಳಿಗೆ ಚುರುಕ್ ಎಂದಿತು. ಹಳೇ ಪ್ರೇಕ್ಷಕರಿಗೆ ಪ್ರತಿ ಕಾರಿನ ಸಂಸಾರವೂ ಗೊತ್ತು. ಗೊತ್ತಿಲ್ಲದವರಿಗೆ ಹೇಳಬೇಕೆಂದು ಇಷ್ಟು ವರ್ಷ ಅವಳಿಗೆ ತೋಚಿರಲೇ ಇಲ್ಲ.

ಉಳಿದವರನ್ನು ಕರೆದುಕೊಂಡು ಕಾರು ನಿಲ್ಲುವ ಅಂಗಳಕ್ಕೆ ಹೊರಟಳು. "ಅಲ್ಲಿ ಪ್ರೇಕ್ಷಕರನ್ನು ಬಿಡುವಂತಿಲ್ಲ, ಅವರಿಗೆ ವಿಮೆ ಇಲ್ಲ," ಎಂದು ವಿಲ್ಲೆಮ್ ಅಡ್ಡ ಬಂದ.

"ಹಾಗಾದ್ರೆ ಮೈಕ್ ನೀನೇ ಹಿಡಿ. ನಾನು ಮನೆಗೆ ಹೋಗ್ತೀನಿ."

ವಿಲ್ಲೆಮ್ ಪಕ್ಕಕ್ಕೆ ಸರಿದ.

ಎಪ್ಪತ್ತೊಂದನೇ ಕಾರಿನ ಟೂನ್ ಸುತ್ತಿಗೆ ಹಿಡಿದು ಚಕ್ರದ ಮೇಲಿನ ತಗಡು ನೆಟ್ಟಗೆ ಮಾಡುತ್ತಿದ್ದ. ಅರವತ್ತೊಂದು ವರ್ಷ, ಬೇಕರಿ ಕೆಲಸ. ಚಂದ್ರಪ್ರಭಾ ಕೇಳಿದಳೆಂದು ಹುಡುಗರ ಕಡೆ ನೋಡದೆಯೇ ಹೇಳಿದ: "ಇದು ನನ್ನ ಹೆಂಡತಿಯ ಕಾರು. ಅವಳು ತೀರಿಹೋಗಿ ಮೂರು ವರ್ಷ. ಮಾರೋಕೆ ಮನಸ್ಸಾಗಲಿಲ್ಲ, ನಾನೇ ಕೂತೆ. ಎರಡನೇ ತಿರುವಿನಲ್ಲಿ ಅವಳು ಬ್ರೇಕ್ ಒತ್ತುತ್ತಿರಲಿಲ್ಲ. ನಾನು ಇನ್ನೂ ಒತ್ತುತ್ತೇನೆ."

ಮುಂದಿನ ರೇಸಿನಲ್ಲಿ ಚಂದ್ರಪ್ರಭಾ ನಂಬರು ಬಿಟ್ಟಳು. "ಟೂನ್ ಬರ್ತಿದ್ದಾನೆ, ಎರಡನೇ ತಿರುವು!" ಎಂದಾಗ ಹತ್ತೊಂಬತ್ತು ಜನ ಎದ್ದು ನಿಂತು, "ಬ್ರೇಕ್ ಬೇಡ!" ಎಂದು ಡಚ್ಚಿನಲ್ಲೂ ಕನ್ನಡದಲ್ಲೂ ಕಿರುಚಿದರು. ಟೂನ್ ಬ್ರೇಕ್ ಒತ್ತಿದ. ಹದಿನೈದು ಸುತ್ತಿನಲ್ಲೂ ಒತ್ತಿದ. ಹನ್ನೊಂದು ಜನರಲ್ಲಿ ಎಂಟನೆಯವನಾಗಿ ಮುಗಿಸಿದಾಗ ಹುಡುಗರಿಗೆ ಕೂಗಲು ಗಂಟಲೇ ಉಳಿದಿರಲಿಲ್ಲ.

ಮುಂದಿನ ಭಾನುವಾರದ ರೇಸಿಗೆ ಒಂಬತ್ತು ಜನ ತಾವಾಗಿಯೇ ಬಂದರು. ಬೇಸಿಗೆ ಕಳೆಯುವಷ್ಟರಲ್ಲಿ ಅದು ಇಪ್ಪತ್ತಾಯಿತು. ಆದರೆ ಪ್ರತಿ ಶನಿವಾರ ಹನ್ನೊಂದು ಚಾಲಕರಿಗೆ ಫೋನ್ ಮಾಡಿ ಅವರವರ ಕಥೆ ಬರೆದುಕೊಳ್ಳುವ ಕೆಲಸ ಚಂದ್ರಪ್ರಭಾಳ ತಲೆಗೇ ಬಿತ್ತು. ಮಂಡಿನೋವು ಬೇರೆ, ಮೈಕಿನ ಕೋಣೆಯ ಮೆಟ್ಟಿಲು ಕಡಿದಾಗಿತ್ತು.

ಚಾಲಕರೂ ಸೇರಿದ್ದ ಅಕ್ಟೋಬರ್ ಸಭೆಯಲ್ಲಿ ಅವಳು, "ಇನ್ನು ನನ್ನ ಕೈಲಾಗಲ್ಲ, ಬೇರೆ ಯಾರಾದರೂ ನೋಡಿಕೊಳ್ಳಿ," ಎಂದಳು. ಕೊನೆಗೆ ಟೂನ್, "ನನಗೆ ಮಾತಾಡೋಕೆ ಬರಲ್ಲ. ಫೋನ್ ಕೆಲಸ ಬೇಕಾದರೆ ನಾನು ಮಾಡ್ತೀನಿ," ಎಂದ.

ಅಷ್ಟು ಸಾಕೆನಿಸಿತು ಅವಳಿಗೆ. "ಇನ್ನೊಂದೇ ವರ್ಷ," ಎಂದು ಎದ್ದಳು. ಕರೆದೊಯ್ಯಲು ಬಂದಿದ್ದ ಮುರಳೀಧರ ಏನಾಯಿತೆಂದು ಕೇಳುವ ಮೊದಲೇ ಕಾರಿನಲ್ಲಿ ನಿದ್ದೆ ಹೋಗಿದ್ದಳು.