ಮಾವಿನ ಮಂಡಿಯಲ್ಲಿ ಬೈರಮ್ಮ ಮಿಸ್ ಡ್ರಿಲ್

ಶ್ರೀನಿವಾಸಪುರದಲ್ಲಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಓಡಾಡಿದ ಮೊದಲ ಹೆಂಗಸು ಬೈರಮ್ಮ ಮಿಸ್ ಎಂದೇ ನನ್ನ ನಂಬಿಕೆ. ಅಲ್ಲ ಅನ್ನುವವರಿದ್ದರೆ ಬಂದು ನನ್ನ ಜೊತೆ ಜಗಳ ಆಡಲಿ. 1994ರಲ್ಲಿ ಅವರು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಪಿ.ಟಿ. ಟೀಚರಾಗಿ ಬಂದ ದಿನ ಆ ಶೂ ನೋಡಿ ಊರೇ ಮೂಗು ಮುರಿಯಿತು. ಅವರ ಅಪ್ಪ ಮಾವಿನ ತೋಟ ಕಾಯುತ್ತಿದ್ದವರು. ಹಳ್ಳಿಯಿಂದ ಶಾಲೆಗೆ ದಿನಾ ಆರು ಕಿಲೋಮೀಟರ್ ಓಡಿ ಓಡಿಯೇ ಮಿಸ್ ಓಟಗಾರ್ತಿಯಾದರು, ಆಮೇಲೆ ಪಿ.ಟಿ. ಟೀಚರಾಗಲು ಬೇಕಾದ ಸಿ.ಪಿ.ಎಡ್. ಮಾಡಿಕೊಂಡರು.

ಅಲ್ಲಿಯವರೆಗೆ ನಮಗೆ ಪಿ.ಟಿ. ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಉಳಿದ ಪಾಠ ಮುಗಿಸುವ ಪೀರಿಯಡ್. ಆಗಸ್ಟ್ ಹದಿನೈದಕ್ಕೆ ತಾಲ್ಲೂಕು ಮೈದಾನದಲ್ಲಿ ಹುಡುಗರ ಹೈಸ್ಕೂಲಿನವರು ತಮ್ಮದೇ ಬ್ಯಾಂಡಿನ ಜೊತೆ ಡ್ರಿಲ್ ಮಾಡುತ್ತಿದ್ದರು. ನಾವು ಒಂದು ಹಾಡು ಹೇಳಿ, ಅತಿಥಿಗಳಿಗೆ ಹಾರದ ತಟ್ಟೆ ಹಿಡಿದು, ಅಲ್ಲಿಂದ ಜಾಗ ಖಾಲಿ ಮಾಡಬೇಕು. ಇದು ಯಾರು ಮಾಡಿದ ಕಾನೂನೋ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

1996ರ ಜುಲೈನಲ್ಲಿ ಬೈರಮ್ಮ ಮಿಸ್ ಕೇಳಿದರು. ಆಚರಣಾ ಸಮಿತಿಯ ಸಭೆಗೆ ಹೋಗಿ, ನಮ್ಮ ಹುಡುಗಿಯರಿಗೂ ಡ್ರಿಲ್ಲಿಗೆ ಅವಕಾಶ ಕೊಡಿ ಅಂದರು. ಗೊಣಗಿಕೊಂಡು ಎಂಟು ನಿಮಿಷ ಕೊಟ್ಟರು. ಎಡವಟ್ಟಾದರೆ ಮತ್ತೆ ಈ ಕಡೆ ಬರಬೇಡಿ ಎಂದೂ ಹೇಳಿ ಕಳಿಸಿದರು. ನಮ್ಮ ಹೆಡ್‌ಮಿಸ್ಟ್ರೆಸ್ ಭಾರತಮ್ಮನವರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರೇ ಅಂದರು: "ನೋಡಮ್ಮ ಬೈರಮ್ಮ, ಇದೊಂದ್ಸಲ ನಗೆಪಾಟಲಾದ್ವೋ, ಇನ್ನು ನಮ್ಮ ಮಕ್ಕಳು ಮೈದಾನದ ಕಡೆ ತಲೆ ಹಾಕೋ ಹಾಗಿಲ್ಲ. ಯಾವ ಕಾಲಕ್ಕೂ ಹಾಗಿಲ್ಲ."

ಎಂಟು ಸಾಲು, ಸಾಲಿಗೆ ಹನ್ನೆರಡು, ಒಟ್ಟು ತೊಂಬತ್ತಾರು ಹುಡುಗಿಯರು. ಮೂರನೇ ಸಾಲಿನ ಕೊನೆಯವಳು ನಾನು. ಮೊದಲ ವಾರ ನಮ್ಮ ಅವತಾರ ನೋಡಬೇಕಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಬಲಗೈ ಅಂದರೆ ಅರ್ಧ ಜನ ಎಡಗೈ ಎತ್ತುತ್ತಿದ್ದೆವು. ಹುಡುಗರ ಶಾಲೆಯವರು ಡ್ರಮ್ಮು ಕೊಡುವುದಿಲ್ಲ ಅಂದರು. "ಒನ್, ಟೂ" ಕೂಗಿ ಕೂಗಿ ಮಿಸ್ ಗಂಟಲು ಕೂತುಹೋಯಿತು. ಸಿನಿಮಾ ಹಾಡು ಹಾಕಿದರೆ ಅದು ನಡುವೆ ನಿಧಾನವಾಗುತ್ತಿತ್ತು, ನಮ್ಮ ಕಾಲು ಒಂದಕ್ಕೊಂದು ತೊಡರುತ್ತಿದ್ದವು.

ಆ ಭಾನುವಾರ ಮಿಸ್ ತಮ್ಮ ಶ್ರೀಧರ್ ಊರಿಗೆ ಬಂದ. ಮಾಲೂರು ತಾಲ್ಲೂಕಿನ ಲಕ್ಕೂರಿನ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಅಲ್ಲಿಗೆ ಯಂತ್ರ ಕೂರಿಸಲು ಮ್ಯಾಂಚೆಸ್ಟರಿನಿಂದ ಬಂದಿದ್ದ ಇಂಜಿನಿಯರೊಬ್ಬ ವಾಪಸು ಹೋಗುವಾಗ ತನ್ನ ಕ್ಯಾಸೆಟ್ಟೊಂದನ್ನು ಇವನಿಗೆ ಕೊಟ್ಟು ಹೋಗಿದ್ದನಂತೆ. "ಅಕ್ಕ, ಇದರಲ್ಲಿ ಡ್ರಮ್ಮು ನಿಲ್ಲೋದೇ ಇಲ್ಲ. ಕೇಳು" ಅಂದನಂತೆ ಶ್ರೀಧರ್. ಆ ಸಂಗೀತಕ್ಕೆ ಹೌಸ್ ಅನ್ನುತ್ತಾರೆ, ಇಂಗ್ಲೆಂಡಿನಲ್ಲಿ ಅದನ್ನು ಹಾಕಿಕೊಂಡು ಜನ ಒಟ್ಟಾಗಿ ಕುಣಿಯುವುದಕ್ಕೆ ರೇವ್ ಅನ್ನುತ್ತಾರೆ ಅಂತ ನಾವು ತಿಳಿದುಕೊಂಡದ್ದು ಹೀಗೆ, ಲಕ್ಕೂರಿನ ಮೂಲಕ.

ಮಿಸ್ ಅದನ್ನು ಸ್ಟಾಫ್ ರೂಮಿನಲ್ಲಿ ಹಾಕಿದರು. ಭಾರತಮ್ಮನವರು ಎರಡು ನಿಮಿಷ ಕೇಳಿ, "ಇದೇನಮ್ಮ, ಹಿಟ್ಟಿನ ಗಿರಣಿ ಓಡ್ತಾ ಇದೆಯಾ? ಹಾಡು ಯಾವಾಗ ಶುರುವಾಗತ್ತೆ?" ಅಂದರು.

"ಶುರುವಾಗಿದೆ ಮೇಡಂ, ಇದೇ ಹಾಡು."

ಮಾತುಗಳಲ್ಲಿ ಕೆಟ್ಟದ್ದೇನಾದರೂ ಇದೆಯಾ ನೋಡಲು ಇಂಗ್ಲಿಷ್ ಟೀಚರನ್ನು ಕೂರಿಸಿದರು. ಪಾಪ, ಅವರು ಒಂದು ಗಂಟೆ ಕಿವಿಗೊಟ್ಟು ಕೂತು, ಒಬ್ಬ ಹೆಂಗಸು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾಳೆ, ಅದರಲ್ಲಿ ದೋಷವೇನಿಲ್ಲ ಎಂದು ವರದಿ ಕೊಟ್ಟರು. ಭಾರತಮ್ಮನವರು ಅರ್ಧ ಮನಸ್ಸಿನಿಂದ ಒಪ್ಪಿದರು.

ಮಳೆಗೆ ನಮ್ಮ ಶಾಲೆಯ ಅಂಗಳ ಕೆಸರಾಗಿತ್ತು. ಸಾಲದ್ದಕ್ಕೆ ಕಾಂಪೌಂಡಿನ ಮೇಲೆ ಹುಡುಗರ ತಲೆಗಳು. ನಾನು ಮನೆಗೆ ಹೋಗಿ ಅಪ್ಪನ ಹತ್ತಿರ ಹಟ ಹಿಡಿದೆ. ನಮ್ಮಪ್ಪ ಅಶ್ವತ್ಥಪ್ಪನವರದ್ದು ಮಾವಿನ ಮಂಡಿ. ಆಗಸ್ಟ್ ಹೊತ್ತಿಗೆ ಸೀಸನ್ ಮುಗಿದು, ಲಾರಿಗಳೆಲ್ಲ ಹೋಗಿ, ಆ ದೊಡ್ಡ ತಗಡಿನ ಶೆಡ್ಡು ಖಾಲಿ ಬಿದ್ದಿರುತ್ತಿತ್ತು. "ಹುಡುಗೀರು ಕುಣಿಯೋಕೆ ಮಂಡೀನಾ?" ಅಂತ ಅಪ್ಪ ಮೊದಲು ರೇಗಿದರು. ಮಾರನೇ ದಿನ ಬೈರಮ್ಮ ಮಿಸ್ ಖುದ್ದಾಗಿ ಬಂದು ಕೇಳಿದ ಮೇಲೆ, ಅಪ್ಪ ತಾವೇ ನಿಂತು ಹುಲ್ಲು ಗುಡಿಸಿ ಕೊಟ್ಟರು.

ದಿನಾ ಸಂಜೆ ನಾಲ್ಕೂವರೆಗೆ ಡ್ರಿಲ್. ಹಣ್ಣಿನ ಹಳೇ ವಾಸನೆ, ಅಂಟಂಟು ನೆಲ, ತಗಡು ಅದುರುವಂಥ ಸದ್ದು. ಟೇಪ್ ರೆಕಾರ್ಡರು, ಸ್ಪೀಕರು ಮೈಕ್‌ಸೆಟ್ ನರಸಿಂಹಪ್ಪನದು. ಮದುವೆ, ಮುಂಜಿ, ಚುನಾವಣೆ ಎಲ್ಲಕ್ಕೂ ಊರಿಗೆ ಇದ್ದವನು ಅವನೊಬ್ಬನೇ. ಮೊದಲ ದಿನ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ. ನಾಲ್ಕನೇ ದಿನ ನೋಡಿದರೆ ಸ್ಟೂಲಿನ ಮೇಲೆ ಕೂತು ತೊಡೆ ತಟ್ಟುತ್ತಿದ್ದ.

ಕ್ಯಾಸೆಟ್ಟಿನ ಮೂರನೇ ಹಾಡನ್ನು ಮಿಸ್ ಆರಿಸಿಕೊಂಡಿದ್ದರು. ಅದು ಎಂಟು ನಿಮಿಷಕ್ಕೂ ಉದ್ದ. ನಾಲ್ಕರ ಎಣಿಕೆ, ಎಂಟು, ಹದಿನಾರು, ಎಲ್ಲಿಯೂ ಏರುಪೇರಿಲ್ಲ. ಕುಣಿಯಲಾರದವಳು ನೆಲ ಡೊಂಕು ಅನ್ನುವುದಕ್ಕೂ ಅವಕಾಶವಿರಲಿಲ್ಲ. ಕಷ್ಟ ಇದ್ದದ್ದು ನಡುವಿನ ಒಂದೇ ಜಾಗದಲ್ಲಿ. ಅಲ್ಲಿ ಡ್ರಮ್ಮು ಪೂರ್ತಿ ನಿಂತುಹೋಗಿ, ಹಾರ್ಮೋನಿಯಂ ಶ್ರುತಿಯಂಥ ಒಂದು ನಾದ ಮಾತ್ರ ಉಳಿಯುತ್ತಿತ್ತು. ಮೂವತ್ತೆರಡು ಎಣಿಕೆ ಆದ ಮೇಲೆ ಡ್ರಮ್ಮು ಧಡ್ ಎಂದು ಮರಳುತ್ತಿತ್ತು. ಅಷ್ಟರಲ್ಲಿ ನಾವು ದಿಕ್ಕಾಪಾಲು.

"ಅದು ನಿಂತ್ರೆ ನೀವ್ಯಾಕ್ರೇ ನಿಲ್ತೀರ? ಕಾಲು ನಿಮ್ದಲ್ವಾ? ಎಣಿಕೆ ಒಳಗೆ ಇಟ್ಕೊಳ್ರೇ!" ಅಂತ ಮಿಸ್ ಗದರುತ್ತಿದ್ದರು. ಹತ್ತು ದಿನ ಅದೊಂದೇ ಜಾಗವನ್ನು ಅರೆದು ಕುಡಿಸಿದರು.

ಒಂದು ಸಂಜೆ ದಣಿದು ಕೂತಿದ್ದಾಗ ನನ್ನ ಪಕ್ಕದ ಸೌಪರ್ಣಿಕಾ, "ಮಿಸ್, ಇದನ್ನ ಮಾಡಿದೋರು ಯಾರು?" ಅಂತ ಕೇಳಿದಳು. ಮಿಸ್ ಕ್ಯಾಸೆಟ್ಟಿನ ಒಳಗಿನ ಚೀಟಿ ತೋರಿಸಿದರು. ಇಂಜಿನಿಯರ್ ಕೈಬರಹದಲ್ಲಿ ಹನ್ನೊಂದು ಹೆಸರು. ಅವನು ಶ್ರೀಧರನಿಗೆ ಹೇಳಿದ್ದನ್ನು ಮಿಸ್ ನಮಗೆ ಹೇಳಿದರು. ಅಮೆರಿಕದ ಶಿಕಾಗೊದಲ್ಲಿ ಕಪ್ಪು ಜನರ ಹುಡುಗರು ಹಳೇ ಗೋದಾಮಿನಲ್ಲಿ ಸೇರಿ ಕುಣಿಯುತ್ತಿದ್ದರಂತೆ, ಬೇರೆ ಕಡೆ ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಯಾರಿಗೂ ಬೇಡವಾಗಿ ಸೆಕೆಂಡ್‌ಹ್ಯಾಂಡಿಗೆ ಬಂದಿದ್ದ ಡ್ರಮ್ಮಿನ ಯಂತ್ರ ತಂದು, ಮನೆಯ ಕೋಣೆಯಲ್ಲಿ ಕೂತು ಒಬ್ಬೊಬ್ಬರೇ ಇದನ್ನು ಕಟ್ಟಿದರಂತೆ. ಒಬ್ಬನೇ ಮೂರು ಮೂರು ಹೆಸರಿನಲ್ಲಿ ಹಾಡು ಬಿಡುವುದೂ ಇತ್ತಂತೆ. ಆಮೇಲೆ ಅದು ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಖಾಲಿ ಶೆಡ್ಡುಗಳನ್ನು ತುಂಬಿತಂತೆ. ಪೊಲೀಸರು ಬಂದು ಓಡಿಸುತ್ತಿದ್ದ ಭಾಗವನ್ನು ಮಿಸ್ ನಮಗೆ ಹೇಳಿದರು, ಭಾರತಮ್ಮನವರಿಗೆ ಹೇಳಲಿಲ್ಲ.

"ಹಾಡಿರೋ ಹೆಂಗಸಿನ ಹೆಸರು ಎಲ್ಲಿ ಮಿಸ್?" ಅಂದೆ ನಾನು.

"ಬರ್ದಿಲ್ಲ ಕಣೇ. ಎಷ್ಟೋ ಹಾಡುಗಳಲ್ಲಿ ಹಾಡ್ದೋರ ಹೆಸರೇ ಹಾಕಲ್ವಂತೆ."

ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆಗಸ್ಟ್ ಹದಿನೈದು. ಬಿಸಿಲು ಚೆನ್ನಾಗಿತ್ತು. ವೇದಿಕೆಯ ಮೇಲೆ ತಹಸೀಲ್ದಾರರು, ಸಮಿತಿಯವರು, ತುದಿಯಲ್ಲಿ ಭಾರತಮ್ಮನವರು. ಹುಡುಗರ ಡ್ರಿಲ್ ಆಯಿತು, ಚಪ್ಪಾಳೆ ಬಿತ್ತು. ನಾವು ಬಿಳೀ ಚೂಡಿದಾರಿನಲ್ಲಿ ಇಳಿದೆವು. ನರಸಿಂಹಪ್ಪ ಗುಂಡಿ ಒತ್ತಿದ. ಆ ಧಡ್ ಧಡ್ ಶುರುವಾದ ಕೂಡಲೇ ಊರಿನ ಜನ "ಇದೇನ್ರೋ ಇದು" ಅಂತ ನಗಾಡಿದ್ದು ನನಗೆ ಕೇಳಿಸಿತು. ನಮ್ಮ ಕೈಗಳು ಒಟ್ಟಿಗೆ ಎದ್ದವು. ನಗು ನಿಂತಿತು.

ಮೂರು ನಿಮಿಷ ಆಗಿರಬೇಕು, ಕರೆಂಟ್ ಹೋಯಿತು.

ಬ್ಯಾಟರಿ ಇದ್ದದ್ದು ಭಾಷಣದ ಮೈಕಿಗೆ ಮಾತ್ರ. ಟೇಪ್ ಕರೆಂಟಿನಲ್ಲೇ ಓಡಬೇಕು. ಮೈದಾನ ಥಟ್ಟನೆ ಮೌನ. ಇದು ಡ್ರಮ್ಮು ನಿಲ್ಲುವ ಜಾಗವಲ್ಲ, ಅದಕ್ಕಿನ್ನೂ ಎರಡು ಸುತ್ತಿದೆ ಅಂತ ನನಗೆ ಗೊತ್ತಿತ್ತು. ಮುಗಿಯಿತು, ಇನ್ನು ತಟ್ಟೆ ಹಿಡಿಯುವುದೇ ನಮ್ಮ ಹಣೆಬರಹ ಅಂದುಕೊಂಡೆ. ಆದರೆ ಹಾಗೆ ಅಂದುಕೊಳ್ಳುತ್ತಲೇ ನನ್ನ ಕಾಲು ಐದು, ಆರು, ಏಳು ಅಂತ ಹೋಗುತ್ತಲೇ ಇತ್ತು. ಪಕ್ಕದಲ್ಲಿ ಸೌಪರ್ಣಿಕಾಳದ್ದೂ. ಎಂಟಕ್ಕೆ ಚಪ್ಪಾಳೆ, ತೊಂಬತ್ತಾರು ಜನರದ್ದು ಒಂದೇ ಸದ್ದು. ಮತ್ತೆ ಒಂದರಿಂದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಂದು ನಿಮಿಷಕ್ಕೂ ಹೆಚ್ಚು ಹಾಗೇ ನಡೆಯಿತು. ಆಮೇಲೆ ಕರೆಂಟ್ ಬಂತು. ಅದು ಇನ್ನೂ ದೊಡ್ಡ ಗಂಡಾಂತರ. ಹಾಡು ಎಲ್ಲೋ ನಡುವೆ ಹೊಡೆದುಕೊಂಡಿದ್ದರೆ ನಮ್ಮ ಎಣಿಕೆಯೆಲ್ಲ ನೀರು ಪಾಲು. ಆದರೆ ನರಸಿಂಹಪ್ಪ, ಆಮೇಲೆ ಅವನೇ ಹೇಳಿದ ಹಾಗೆ, ದೊಡ್ಡ ಸ್ಪೀಕರಿನ ಸದ್ದನ್ನು ಪೂರ್ತಿ ಇಳಿಸಿಬಿಟ್ಟಿದ್ದ. ಟೇಪಿನ ಸಣ್ಣ ಸ್ಪೀಕರಿಗೆ ಕಿವಿ ಒತ್ತಿಕೊಂಡು, ಒಂದು ಧಡ್ ಬರುವ ಹೊತ್ತಿಗೆ ಸರಿಯಾಗಿ ತಡೆಯುವ ಗುಂಡಿ ಒತ್ತಿ ಹಿಡಿದ. ಅವನ ಕಣ್ಣು ನಮ್ಮ ಕಾಲಿನ ಮೇಲೆ. ನಾವು ಎಂಟಕ್ಕೆ ಚಪ್ಪಾಳೆ ತಟ್ಟಿ ಒಂದಕ್ಕೆ ಕಾಲಿಟ್ಟ ಕ್ಷಣದಲ್ಲಿ ಬೆರಳು ಬಿಟ್ಟ, ಇನ್ನೊಂದು ಕೈಯಲ್ಲಿ ಸದ್ದು ಏರಿಸಿದ. ಡ್ರಮ್ಮು ನಮ್ಮ ಕಾಲಿನ ಅಡಿಗೇ ಬಂದು ಬಿತ್ತು. ಶಿಕಾಗೊದವರು ಎರಡು ಹಾಡು ಕೂಡಿಸಲು ಮಾಡುತ್ತಿದ್ದದ್ದೂ ಇದನ್ನೇ ಅಂತ ಎಷ್ಟೋ ವರ್ಷದ ಮೇಲೆ ನನಗೆ ತಿಳಿಯಿತು.

ಡ್ರಿಲ್ ಮುಗಿದಾಗ ಜನ ಎದ್ದು ನಿಂತಿದ್ದರು. ಸದ್ದು ನಿಂತದ್ದು ಬೇಕೆಂದೇ ಮಾಡಿದ ಚಮತ್ಕಾರ ಅಂತ ತಹಸೀಲ್ದಾರರು ಮೈಕಿನಲ್ಲಿ ಹೊಗಳಿದರು. ನರಸಿಂಹಪ್ಪ ಬೆವರು ಒರೆಸಿಕೊಳ್ಳುತ್ತ, "ಬತಿಕಿಪೋಯಾಮಮ್ಮಾ, ಬದುಕಿಕೊಂಡ್ವಿ!" ಅಂತ ತೆಲುಗು ಕನ್ನಡ ಎರಡರಲ್ಲೂ ಕೂಗಿದ. ಭಾರತಮ್ಮನವರು ವೇದಿಕೆ ಇಳಿದು ಸೀದಾ ಬೈರಮ್ಮ ಮಿಸ್ ಹತ್ತಿರ ಬಂದರು. "ಮುಂದಿನ ವರ್ಷ ಹದಿನೈದು ನಿಮಿಷ ಕೇಳು. ನಾನೂ ಬರ್ತೀನಿ ಸಭೆಗೆ" ಅಂದರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ನಾವು ಅಳುತ್ತಿದ್ದೆವೋ ನಗುತ್ತಿದ್ದೆವೋ ದೇವರಿಗೇ ಗೊತ್ತು.

ಹದಿನೈದು ನಿಮಿಷ ಸಿಕ್ಕಿತು. ಅಲ್ಲಿಂದಾಚೆ ಒಂದು ವರ್ಷವೂ ತಪ್ಪದೆ ಹುಡುಗಿಯರ ಡ್ರಿಲ್ ನಡೆಯಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು. ಮಿಸ್ ತಲೆ ಬೆಳ್ಳಗಾಯಿತು.

2007ರಲ್ಲಿ ಅವರಿಗೆ ಮುಳಬಾಗಿಲಿಗೆ ವರ್ಗವಾದಾಗ ನಾನು ನೋಡಲು ಹೋಗಿದ್ದೆ. ಸಾಮಾನು ಕಟ್ಟುತ್ತಿದ್ದರು. ಮಾತು ಆ ದಿನಕ್ಕೆ ಬಂತು. ಕರೆಂಟ್ ಹೋದಾಗ ನೀವೇನು ಮಾಡುತ್ತಿದ್ದಿರಿ ಮಿಸ್, ನಮ್ಮ ಕಡೆ ನೋಡಿ ಕೈಯನ್ನೂ ಬೀಸಲಿಲ್ಲವಲ್ಲ ಅಂತ ಕೇಳಿದೆ. ಮಿಸ್ ನಾಚಿಕೊಂಡರು.

"ನಾನು ನೋಡ್ಲೇ ಇಲ್ಲ ಕಣೇ. ನೀವೆಲ್ಲ ನಿಂತ್ಬಿಡ್ತೀರ ಅಂತ ಹೆದರಿ ಕಣ್ಣು ಮುಚ್ಕೊಂಡ್ಬಿಟ್ಟೆ. ಎಲ್ಲಾ ಹೋಯ್ತು ಅಂತ ನಿಂತಿದ್ದೀನಿ, ಕಾಲಿನ ಸದ್ದು ಮಾತ್ರ ನಿಲ್ತಾನೇ ಇಲ್ಲ. ಹಾಡಿಲ್ಲ, ವಿಜಿಲ್ ಇಲ್ಲ, ನಾನೂ ಇಲ್ಲ, ಆದ್ರೂ ನೀವು ಹೋಗ್ತಾ ಇದ್ದೀರ. ಅಯ್ಯೋ, ಇನ್ನು ಇವರಿಗೆ ನಾನು ಬೇಕಾಗಿಲ್ಲ ಅನ್ನಿಸ್ತು. ಅಂಥಾ ನೆಮ್ಮದಿ ನನಗೆ ಮತ್ತೆ ಯಾವತ್ತೂ ಆಗ್ಲಿಲ್ಲ."