ಕೈಯಲ್ಲೇ ಉಳಿದ ಆಟೀನ್ ರಾಜ

ನಿನ್ನೆ ಲಿಂಗಸುಗೂರಿನ ಮನೆಯಲ್ಲಿ ಹಳೇ ಟ್ರಂಕು ತೆಗೆದೆ. ನುಸಿಗುಳಿಗೆ ವಾಸನೆಯ ನಡುವೆ ಅಪ್ಪನ ಇಸ್ಪೀಟು ಕಟ್ಟು. ಕಂಡದ್ದೇ ಸಣ್ಣವಳಿದ್ದಾಗಿನ ಒಂದು ಐತವಾರ ನೆನಪಾಯಿತು.

ಸಿಂಧನೂರಿನ ಕಾಲುವೆ ಕ್ಯಾಂಪಿನಲ್ಲಿ ಐತವಾರ ಮಧ್ಯಾಹ್ನ ಅಪ್ಪ, ಆಫೀಸಿನವರು ಕೂಡಿ ಬ್ರಿಜ್ ಆಡುತ್ತಿದ್ದರು. ಅವತ್ತು ಅಪ್ಪನ ಜೋಡಿ ಆಟಗಾರ ಬರಲಿಲ್ಲ, ಆ ಜಾಗಕ್ಕೆ ನನ್ನನ್ನು ಕೂಡಿಸಿದರು. ಎದುರಾಳಿ ಅಪ್ಪನ ಸಾಹೇಬರು. ಅಪ್ಪನ ವರ್ಗಾವಣೆ ಅವರ ಕೈಯಾಗ ಐತಿ ಅಂತ ಅವ್ವ ಮುಂಜಾನೆಯಷ್ಟೇ ಅತ್ತಿದ್ದಳು.

ಸಾಹೇಬರು ನಾಲ್ಕು ಇಸ್ಪೀಟು ಕೂಗಿದ್ದರು; ಅಂದರೆ ಇಸ್ಪೀಟೇ ತುರುಪು, ಹದಿಮೂರರಲ್ಲಿ ಹತ್ತು ಕೈ ಗೆಲ್ಲುವ ಪಣ. ಎಲ್ಲರ ಹತ್ತಿರ ಎರಡೆರಡೇ ಎಲೆ ಉಳಿದಿದ್ದವು, ಎರಡೂ ಕೈ ಅವರಿಗೆ ಬೇಕಿತ್ತು. ಆಟೀನ್ ರಾಣಿ, ಕೆಂಪು ಹೃದಯದ ಎಲೆ, ಇಳಿಸಿದರು. ನನ್ನ ಹತ್ತಿರ ಆಟೀನ್ ರಾಜ ಇತ್ತು, ಜೊತೆಗೊಂದು ಸಣ್ಣ ಆಟೀನ್. ರಾಜ ಹಾಕಿದರೆ ಸಾಹೇಬರು ಸೋಲುತ್ತಿದ್ದರು. ಬ್ರಿಜ್‌ನಲ್ಲಿ ಜೋಡಿಗೆ ಸನ್ನೆ ಮಾಡುವಂತಿಲ್ಲ. ಅಪ್ಪನ ಮುಖ ಗೋಡೆಯಾಗಿತ್ತು. ಅವ್ವನ ಅಳು ನೆನಪಾಗಿ, ಸಣ್ಣದು ಹಾಕಿಬಿಟ್ಟೆ.

ಮುಂದಿನ ಕೈಗೆ ಮುಚ್ಚಿಟ್ಟ ರಾಜ ಎಲ್ಲರೆದುರು ಬೀಳಲೇಬೇಕು ಎಂಬುದು ಹೊಳೆದೇ ಇರಲಿಲ್ಲ. ಸಾಹೇಬರು ಕೊನೆಗೆ ತುರುಪು ಇಳಿಸಿದರು, ನಾನು ರಾಜನನ್ನಿಟ್ಟೆ; ಆಟ ಅವರದಾಯಿತು.

ಸಾಹೇಬರ ಮುಖ ಕಪ್ಪಿಟ್ಟಿತು. “ಹುಡುಗಿಗೆ ಸೋಲಾಕ ನೀವ ಕಲಿಸೀರೇನ್ರಿ?”

“ಇಲ್ರೀ ಸಾಹೇಬ್ರ, ಅಂಜ್ಯಾಳ್ರೀ,” ಅಂದ ಅಪ್ಪ.

ಮುಂದಿನ ತಿಂಗಳೇ ಅವ್ವ ಅಂಜಿದ್ದ ವರ್ಗಾವಣೆ ಬಂತು. ನನ್ನಿಂದಲೋ ಏನೋ, ಅಪ್ಪ ಎಂದೂ ಹೇಳಲಿಲ್ಲ. ಅವತ್ತು ಕಟ್ಟಿಟ್ಟ ಈ ಕಟ್ಟನ್ನೂ ಮತ್ತೆ ಬಿಚ್ಚಲಿಲ್ಲ.

ನಿನ್ನೆ ನಾನು ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ಆಟೀನ್ ರಾಜ ಕೂತಿದ್ದ.