ಅವ್ವ ಗೆದ್ದ ಎರಡನೆಯ ಪಂದ್ಯ

ಆಗೆಲ್ಲ ಹಂಪಿಯ ಉತ್ಸವ ಹತ್ತಿರ ಬಂತೆಂದು ನಮಗೆ ಗೊತ್ತಾಗುತ್ತಿದ್ದುದು ಡಾಂಬರಿನ ವಾಸನೆಯಿಂದ. ಕಂಪ್ಲಿಯ ಮಗ್ಗುಲಲ್ಲೇ, ತುಂಗಭದ್ರೆಯ ದಂಡೆಯ ಮೇಲೆ ನಮ್ಮದೊಂದು ಸಣ್ಣ ಊರು. ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಗಂಡಸರು ತಮ್ಮ ಹರಿಗೋಲುಗಳನ್ನು ದಂಡೆಗೆಳೆದು ಬೋರಲು ಹಾಕಿ, ತಗಡಿನ ಡಬ್ಬಿಯಲ್ಲಿ ಡಾಂಬರು ಕಾಯಿಸಿ ತಳಕ್ಕೆ ಬಳಿಯುತ್ತಿದ್ದರು. ಅಕ್ಕಿ ಗಿರಣಿಯಿಂದ ಹೊಟ್ಟು ಸುಟ್ಟ ಹೊಗೆ ಬೇರೆ ಬರುತ್ತಿತ್ತು. ಆ ಎರಡೂ ವಾಸನೆ ಕೂಡಿಕೊಂಡವೆಂದರೆ ಉತ್ಸವಕ್ಕೆ ಇನ್ನು ಹೆಚ್ಚು ದಿನ ಇಲ್ಲ ಎಂದು ನಾವು ಹುಡುಗಿಯರು ಕುಣಿಯುತ್ತಿದ್ದೆವು. ಹೊಸಪೇಟೆಯವರಿಗೆ ಉತ್ಸವವೆಂದರೆ ಸಿನಿಮಾ ನಟರು, ಹಾಡು, ಬಣ್ಣದ ದೀಪ. ನಮ್ಮ ಊರಿಗೆ ಅದು ಹರಿಗೋಲು ಪಂದ್ಯ, ಅಷ್ಟೇ.

ಹರಿಗೋಲು ನಮಗೆ ಆಟಿಕೆಯೂ ಆಗಿತ್ತು. ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಜನ ಅದರೊಳಗೆ ಕುಳಿತರೆ ಐದನೆಯವಳು ಹೊರಗೆ ನಿಂತು ಗರಗರ ತಿರುಗಿಸಬೇಕು. ಮೊದಲು ಹೊಟ್ಟೆ ತೊಳಸಿದವಳು ಸೋತಂತೆ. ನಾನು ಸೋಲುತ್ತಿರಲಿಲ್ಲ. ಅಂಬಿಗನ ಮಗಳು ನೀರಿನ ಮೇಲೆ ವಾಂತಿ ಮಾಡಿಕೊಂಡರೆ ಮರ್ಯಾದೆ ಏನುಳಿಯಿತು ಎಂದು ಹಲ್ಲು ಕಚ್ಚಿ ಕೂತಿರುತ್ತಿದ್ದೆ.

ನಮ್ಮಪ್ಪ ಪಂಪಾಪತಿ ಆ ಸೀಮೆಗೆ ಹೆಸರಾದ ಅಂಬಿಗ. ಹಿಂದಿನ ಎರಡು ಉತ್ಸವಗಳಲ್ಲಿ ಗೆದ್ದುಬಂದವನು. ಅವ್ವ ಹುಲಿಗೆಮ್ಮ ಹೊಳೆಯ ಆಚೆ ದಂಡೆಯ ಊರಿನವಳು. ಅವಳ ತಂದೆಯೂ ಹರಿಗೋಲು ನಡೆಸುತ್ತಿದ್ದ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಹಿರಿಯಳಾದ ಅವ್ವನಿಗೇ ಹುಟ್ಟು ಹಾಕುವ ಕೆಲಸ ಬಿದ್ದಿತ್ತು. ಮದುವೆಯಾಗಿ ಬಂದ ಮೇಲೆ ಮಾತ್ರ ಹುಟ್ಟು ಮುಟ್ಟಿರಲಿಲ್ಲ. ಇಲ್ಲಿ ಅದು ಗಂಡಸರ ಕೆಲಸ.

ನನಗೆ ಹತ್ತು ವರ್ಷವಿದ್ದಾಗ ಮಳೆಗಾಲದ ಕೊನೆಗೆ ಅಪ್ಪ ಮಲೇರಿಯಾ ಬಂದು ಮಲಗಿಬಿಟ್ಟ. ಹೊಳೆಯ ನಡುಗಡ್ಡೆಯಲ್ಲಿ ಭತ್ತದ ಗದ್ದೆಗಳಿದ್ದವು. ಅಲ್ಲಿಗೆ ಕಳೆ ಕೀಳಲು ಹೋಗುವ ಹೆಣ್ಣಾಳುಗಳು ಬೆಳಿಗ್ಗೆ ಬಂದು ದಂಡೆಯಲ್ಲಿ ಕಾಯುತ್ತಿದ್ದರು. ಮೂರನೇ ದಿನ ಅವ್ವ ಸೀರೆ ಎತ್ತಿ ಕಟ್ಟಿ ಹುಟ್ಟು ಹಿಡಿದಳು. ಮೊದಲ ದಿನ ಇಬ್ಬರೇ ಹತ್ತಿದರು, ಅವರೂ ಹುಲಿಗೆಮ್ಮ ದೇವಿಯ ಹೆಸರು ಹೇಳಿಕೊಳ್ಳುತ್ತ. ವಾರ ಕಳೆಯುವುದರೊಳಗೆ ಬೇರೆ ಹರಿಗೋಲು ಖಾಲಿ ಇದ್ದರೂ ಅವ್ವನಿಗಾಗಿಯೇ ಕಾಯುವಂತಾಯಿತು. ಅಪ್ಪ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ.

"ಶಾರೀ, ನೋಡಲ್ಲಿ. ನನಗಿಂತ ಹಗೂರ ತಿರುಗಿಸ್ತಾಳ ನಿಮ್ಮವ್ವ. ನಾನು ನೀರಿನ ಕೂಡ ಜಗಳಾಡ್ತೀನಿ, ಆಕಿ ಮಾತಾಡಿಸ್ಕೆಂತ ಹೋಗ್ತಾಳ" ಎಂದು ನನಗೆ ಹೇಳಿದ. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ಮುಂದಿನದನ್ನು ನೆನೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಉತ್ಸವಕ್ಕೆ ಹತ್ತು ದಿನ ಇರುವಾಗ ಕಂಪ್ಲಿಯಿಂದ ಒಬ್ಬ ಗುಮಾಸ್ತ ಹೆಸರು ಬರೆದುಕೊಳ್ಳಲು ಬಂದ. ಅಷ್ಟರಲ್ಲಿ ಅಪ್ಪನಿಗೆ ಪೂರಾ ಗುಣವಾಗಿತ್ತು. ಈ ಸಲ ಹೆಂಗಸರಿಗೂ ಪಂದ್ಯ ಇಟ್ಟಿದ್ದಾರೆ, ಹೆಸರೇ ಸಿಗುತ್ತಿಲ್ಲ ಎಂದು ಆತ ತಲೆ ಕೆರೆದುಕೊಂಡ. ಬಾವಿಯ ಹತ್ತಿರ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು.

"ನಮ್ಮಾಕಿ ಹೆಸರು ಬರಕೋರಿ" ಎಂದ ಅಪ್ಪ.

"ನನಗ ಬ್ಯಾಡಪ. ಅಷ್ಟು ಮಂದಿ ಮುಂದ ನಾನು ಹೋಗಂಗಿಲ್ಲ" ಎಂದಳು ಅವ್ವ.

"ದಿನಾ ದಾಟಿಸಿದಿಯಲ್ಲ, ಅವರೇನು ಮಂದಿ ಅಲ್ಲೇನು? ಬರಕೋರಿ ನೀವು."

ಅದರ ಮುಂದಿನ ದಿನಗಳು ನಮ್ಮ ಮನೆಯ ಒಳ್ಳೆಯ ದಿನಗಳು. ಬಿಸಿಲು ಇಳಿದ ಮೇಲೆ ಮೂವರೂ ಹೊಳೆಗೆ ಹೋಗುತ್ತಿದ್ದೆವು. ಅಪ್ಪ ಅವ್ವನಿಗಾಗಿ ಒಂದು ಹುಟ್ಟನ್ನು ಕೆತ್ತಿ ಹಗುರ ಮಾಡಿಕೊಟ್ಟಿದ್ದ. ಸೊಂಟದುದ್ದ ನೀರಿನಲ್ಲಿ ನಿಂತು, "ತಿರುವಿನ್ಯಾಗ ಉಸಿರು ಬಿಡಬ್ಯಾಡ", "ಬಗ್ಗು, ಇನ್ನಷ್ಟು ಬಗ್ಗು" ಎಂದು ಕೂಗುತ್ತಿದ್ದ. ಅವ್ವ ಬೇಕಂತಲೇ ಅವನ ಮೈಮೇಲೆ ನೀರು ಎರಚುತ್ತಿದ್ದಳು. ದಂಡೆಯಲ್ಲಿ ಕುಳಿತು ಸುಟ್ಟ ಶೇಂಗಾ ಸುಲಿಯುತ್ತಿದ್ದ ನನಗೆ ಇವರಿಬ್ಬರು ಹೀಗೂ ನಗುತ್ತಾರಾ ಎಂದು ಸೋಜಿಗವಾಗುತ್ತಿತ್ತು. ಅಪ್ಪನ ತಾಯಿ, ನಮ್ಮಜ್ಜಿ ಮಾತ್ರ ಮನೆಯಲ್ಲಿ ಗೊಣಗುತ್ತಿದ್ದಳು.

ಪಂದ್ಯ ಇದ್ದದ್ದು ಕಮಲಾಪುರದ ಕೆರೆಯಲ್ಲಿ. ಹರಿಗೋಲುಗಳನ್ನು ಟ್ರಾಕ್ಟರಿನ ಟ್ರೇಲರಿಗೆ ಹೇರಿ, ಅವುಗಳ ಸಂದಿನಲ್ಲಿ ನಾವು ತೂರಿಕೊಂಡು ನಸುಕಿನಲ್ಲೇ ಹೊರಟೆವು. ಬುಕ್ಕಸಾಗರ ದಾಟುವಾಗ ಬಾಳೆತೋಟದ ತಣ್ಣನೆ ಗಾಳಿ ಬೀಸಿತು. ಕಮಲಾಪುರದಲ್ಲಿ ಇಳಿದೊಡನೆ ಅಪ್ಪ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಜ್ಜಿ ಕಟ್ಟಿಸಿ ತಂದ. ಪೇಪರು ತುಂಬ ಎಣ್ಣೆ. ಮಿರ್ಚಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಅವ್ವ ತನ್ನ ಸೆರಗಿನಿಂದ ಒರೆಸಿದಳು.

ಕೆರೆಯ ಏರಿಯ ಮೇಲೆ ಶಾಮಿಯಾನ ಹಾಕಿ, ಸಾಲಾಗಿ ಸೋಫಾ ಇಟ್ಟಿದ್ದರು. ಮೈಕು ಹಿಡಿದವನು ಯಾವುದೋ ದೂರದ ಊರಿನವನು, ಪುಸ್ತಕದಂಥ ಮಾತು, ಹೊಳೆಯುವ ಜುಬ್ಬಾ. ನೀರಿನಲ್ಲಿ ದೂರಕ್ಕೆ ಒಂದು ಡ್ರಮ್ಮು ತೇಲಿಬಿಟ್ಟು ಅದಕ್ಕೆ ಬಾವುಟ ಸಿಕ್ಕಿಸಿದ್ದರು. ಅದನ್ನು ಸುತ್ತಿ ವಾಪಸು ಬರಬೇಕು.

ಮೊದಲು ಹೆಂಗಸರದು. ಏಳು ಹರಿಗೋಲು. ಎರಡು ನಿಂತಲ್ಲೇ ಸುತ್ತತೊಡಗಿದವು, ಒಂದು ದಂಡೆಯ ಜೊಂಡಿಗೆ ಸಿಕ್ಕಿಕೊಂಡಿತು. ಅವ್ವ ತಲೆ ಎತ್ತದೆ ಹೋದಳು, ತಲೆ ಎತ್ತದೆ ಬಂದಳು. ಎರಡನೆಯವಳು ಇನ್ನೂ ಬಾವುಟದ ಹತ್ತಿರವೇ ಇದ್ದಳು. ಅಪ್ಪ ನೀರಿಗಿಳಿದು ಓಡಿ ಹರಿಗೋಲನ್ನು ಅವ್ವನ ಸಮೇತ ದಂಡೆಗೆ ಎಳೆದ. ಮತ್ತೊಂದಿಷ್ಟು ಹೊತ್ತಿಗೆ ಗಂಡಸರ ಪಂದ್ಯ. ಅದರಲ್ಲಿ ಅಪ್ಪ ಗೆದ್ದ. ಆನೆಗೊಂದಿಯವನೊಬ್ಬ ಅವನಿಗೆ ಕೊನೆಯವರೆಗೂ ಬಿಟ್ಟುಕೊಟ್ಟಿರಲಿಲ್ಲ, ಒಂದು ಮೊಳದ ಅಂತರದಲ್ಲಿ ಗೆದ್ದು ಬಂದ ಅಪ್ಪ ಏದುಸಿರು ಬಿಡುತ್ತ ಕೆಸರಿನಲ್ಲೇ ಕುಳಿತುಬಿಟ್ಟ.

ಆಗಲೇ ನಾವು ಮನೆಗೆ ಹೊರಟಿದ್ದರೆ ನಾನು ಈ ಕಥೆಯನ್ನು ಬೇರೆ ಥರ ಹೇಳುತ್ತಿದ್ದೆ.

ಜುಬ್ಬಾದವನು ಗೆದ್ದವರ ಹೆಸರು ಓದಿದ. ಊರು ಒಂದೇ ಎಂದು ಗೊತ್ತಾಯಿತು, ಮನೆಯೂ ಒಂದೇ ಎಂದು ಯಾರೋ ಕೂಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಸೋಫಾದ ಮೇಲಿದ್ದ ದೊಡ್ಡ ಅತಿಥಿಯೊಬ್ಬರು ಜುಬ್ಬಾದವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ನಕ್ಕರು. ಅವನು ಮೈಕಿಗೆ ಬಂದ. "ಮಹನೀಯರೇ, ನಮ್ಮ ಅತಿಥಿಗಳದ್ದೊಂದು ಆಸೆ. ಈ ಗಂಡ ಹೆಂಡತಿಯಲ್ಲಿ ಯಾರು ಗಟ್ಟಿ ಅಂತ ನೋಡೇಬಿಡೋಣವೇ?"

ಏರಿಯ ಉದ್ದಕ್ಕೂ ಸಿಳ್ಳೆ ಬಿತ್ತು. ಅವ್ವ ಅಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದಳು. "ಬ್ಯಾಡ ಅನ್ರಿ."

"ಅಂಥಾ ದೊಡ್ಡವರು ಹೇಳ್ಯಾರ, ಹೆಂಗ ಬ್ಯಾಡ ಅನ್ನಾದು? ಒಂದು ಸುತ್ತು ಹಾಕಿ ಬಂದ್ರ ಮುಗೀತು. ನಡಿ."

ಅಪ್ಪನ ತೋಳುಗಳು ಇನ್ನೂ ಅದುರುತ್ತಿದ್ದವು. ಅವನು ಈಗಷ್ಟೇ ಪಂದ್ಯ ಮುಗಿಸಿ ಬಂದವನು, ಅವ್ವ ನೆರಳಲ್ಲಿ ಕುಳಿತು ದಣಿವಾರಿಸಿಕೊಂಡವಳು. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಎತ್ತಿ ಆಡಲಿಲ್ಲ.

ಬಾವುಟದವರೆಗೆ ಅಪ್ಪನೇ ಮುಂದಿದ್ದ. ತಿರುವಿನಲ್ಲಿ ಅವನು ಬಲವಾಗಿ ಎಳೆದದ್ದಕ್ಕೆ ಹರಿಗೋಲು ಒಂದು ಸುತ್ತು ಹೆಚ್ಚಿಗೆ ತಿರುಗಿತು. ಅವ್ವ ಸಲೀಸಾಗಿ ಹೊರಳಿ ಅವನ ಸಮಕ್ಕೆ ಬಂದಳು. ಬಂದವಳೇ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಕೈ ಆಡಿಸಿದಳು. ಏರಿಯ ಮೇಲಿದ್ದವರಿಗೆ ಅದೇನೆಂದು ತಿಳಿಯಲಿಲ್ಲ. ಎಂಟು ದಿನ ದಂಡೆಯಲ್ಲಿ ಕುಳಿತು ನೋಡಿದ್ದ ನನಗೆ ತಿಳಿಯಿತು, ಅವಳು ಬೇಕೆಂದೇ ಸೋಲುತ್ತಿದ್ದಾಳೆ. ನನಗೆ ಅದು ತಡೆಯಲಾಗಲಿಲ್ಲ. ನೀರಿನಂಚಿಗೆ ಓಡಿ ಕೂಗಿದೆ. "ಅವ್ವಾ, ಹುಟ್ಟು ಹಾಕು. ಹಾಕಬೇ ಅವ್ವಾ."

ಅವ್ವ ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ಆಮೇಲೆ ಬಗ್ಗಿದಳು. ನಾನು ಕಂಡಂತೆ ಅವಳು ಅಷ್ಟು ಚೆಂದ ಹುಟ್ಟು ಹಾಕಿದ್ದು ಅದೊಂದೇ ಸಲ. ಅಪ್ಪನಿಗಿಂತ ಒಂದು ಹರಿಗೋಲಿನಷ್ಟು ಮುಂಚೆ ದಂಡೆ ಮುಟ್ಟಿದಳು.

ಇಬ್ಬರನ್ನೂ ವೇದಿಕೆಗೆ ಕರೆದರು. ಹೆಂಗಸರ ಬಹುಮಾನ ಒಂದು ಸೀರೆ, ಗಿಳಿಹಸಿರು ಬಣ್ಣದ್ದು. ಅತಿಥಿಗಳು ಅದನ್ನು ಅವ್ವನಿಗೆ ಕೊಡುವ ಮೊದಲೇ ಜುಬ್ಬಾದವನು ತಟ್ಟೆಯಿಂದ ಎತ್ತಿಕೊಂಡ. "ಸೋತವರಿಗೂ ಒಂದು ಬಹುಮಾನ ಬೇಡವೇ?" ಎನ್ನುತ್ತ ಮಡಿಕೆ ಬಿಚ್ಚಿ ಅಪ್ಪನ ಒದ್ದೆ ಬನಿಯನ್ನಿನ ಮೇಲೆ ಸೆರಗಿನ ಹಾಗೆ ಹೊದಿಸಿದ. "ಇನ್ನು ಮೇಲೆ ಮನೆಯಲ್ಲಿ ಅಡುಗೆ ಯಾರು ಮಾಡೋದು ಪಂಪಾಪತಿಯವರೇ?" ಎಂದು ಮೈಕನ್ನು ಅವನ ಬಾಯಿಗೆ ಹಿಡಿದ.

ಅಪ್ಪ ನಗುತ್ತಿದ್ದ. "ನಾನ ಮಾಡ್ತೀನಿ ಬಿಡ್ರಿ" ಎಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಮೈಕಿನಲ್ಲಿ ಬಂದ ಆ ಮಾತಿಗೆ ಕೆರೆಯ ಏರಿಯೇ ಅಲುಗಾಡುವಂತೆ ಜನ ನಕ್ಕರು. ಪೇಪರಿನವರು ಫೋಟೋ ಹೊಡೆದರು. ನಾನೂ ಚಪ್ಪಾಳೆ ತಟ್ಟಿ ನಕ್ಕೆ. ಅವ್ವ ಒಬ್ಬಳೇ ತನ್ನ ಕಾಲಬೆರಳು ನೋಡುತ್ತ ನಿಂತಿದ್ದಳು. ನಗು ನಿಲ್ಲುವಷ್ಟರಲ್ಲಿ ಅಪ್ಪನ ಮುಖ ಬದಲಾಗಿತ್ತು. ಸೀರೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ಅದನ್ನು ಹಾಗೇ ಹೊದ್ದುಕೊಂಡೇ ಮೆಟ್ಟಿಲಿಳಿದ.

ಎರಡು ದಿನಕ್ಕೆ ಪೇಪರು ಬಂತು. ಗಂಡಸರ ಪಂದ್ಯ ಯಾರು ಗೆದ್ದರೆಂಬುದು ಅದರಲ್ಲಿ ಇರಲಿಲ್ಲ. ಸೀರೆ ಹೊದ್ದ ಅಪ್ಪನ ಫೋಟೋ ಮಾತ್ರ ದೊಡ್ಡದಾಗಿತ್ತು. ಕಂಪ್ಲಿಯ ಚಹಾ ಅಂಗಡಿಯೊಂದರಲ್ಲಿ ಅದನ್ನು ಗೋಡೆಗೆ ಅಂಟಿಸಿದರು. ಅಪ್ಪನಿಗೆ 'ಸೀರಿ ಪಂಪಾಪತಿ' ಎಂಬ ಹೆಸರು ಬಿತ್ತು. ಹರಿಗೋಲು ಹತ್ತಿದವರೆಲ್ಲ, "ಏನಪಾ, ಇವತ್ತು ಸಾರು ಏನು ಕುದಿಸಿಟ್ಟು ಬಂದಿ?" ಎನ್ನುವರು. ಅವನು ಮೊದಮೊದಲು ನಕ್ಕು ಉತ್ತರ ಕೊಡುತ್ತಿದ್ದ. ಆಮೇಲೆ ಬರೀ ನಗುತ್ತಿದ್ದ. ಆಮೇಲೆ ಅದೂ ನಿಂತಿತು.

ಅಪ್ಪನಿಗೆ ಗುಣವಾದ ಮೇಲೂ ಹೆಣ್ಣಾಳುಗಳನ್ನು ಅವ್ವನೇ ದಾಟಿಸುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಹುಟ್ಟು ತೆಗೆದುಕೊಳ್ಳುವಾಗ ಅಪ್ಪ ಬಾಗಿಲಲ್ಲಿ ನಿಂತ.

"ಇನ್ನ ಸಾಕು" ಎಂದ.

"ಹೆಣ್ಮಕ್ಳು ದಂಡ್ಯಾಗ ಕಾಯಾಕತ್ಯಾರ."

"ಕಾಯಲಿ."

ದನಿ ಏರಿಸಲಿಲ್ಲ, ಕೈ ಎತ್ತಲಿಲ್ಲ. ಅವ್ವ ಹುಟ್ಟನ್ನು ಗೋಡೆಗೆ ಒರಗಿಸಿ ಒಲೆಯ ಮುಂದೆ ಹೋಗಿ ಕುಳಿತಳು. ಹೆಂಗಸರು ಬಿಸಿಲೇರುವವರೆಗೆ ಕಾದು ಬೇರೆಯವನ ಹರಿಗೋಲು ಹತ್ತಿದರು. ಆ ಸೀರೆಯನ್ನು ಅಜ್ಜಿ ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಜರಡಿ ತೆಗೆದುಕೊಂಡಳು.

ಬೇಸಿಗೆಗೆ ಮುಂಚೆ ಅಪ್ಪ ಹರಿಗೋಲು ಮಾರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಕೂಲಿಗೆ ಸೇರಿದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ನನ್ನ ಕೂಡ ಶಾಲೆಯ ಮಾತಾಡುತ್ತಿದ್ದ, ಅಜ್ಜಿಯ ಕೂಡ ಔಷಧಿಯ ಮಾತು. ಅವ್ವನ ಕೂಡ ಊಟಕ್ಕೆ ಬೇಕು ಬ್ಯಾಡ ಎನ್ನುವಷ್ಟೇ. ಬಂದಾಗ ಹೊಳೆಯ ಕಡೆ ಹೋಗುತ್ತಿರಲಿಲ್ಲ, ಮನೆಯ ಹಿಂದೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಸ್ನಾನ ಮಾಡುತ್ತಿದ್ದ.

ಮುಂದಿನ ವರ್ಷ ಅದೇ ಗುಮಾಸ್ತ ಬಂದ. ಅವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು.

"ಹುಲಿಗೆಮ್ಮ, ಈ ಸಲಾನೂ ನಿನ್ನ ಹೆಸರು ಹಾಕ್ಲೇನಮ್ಮ?"

"ನನಗ ಹುಟ್ಟು ಹಾಕಾಕ ಬರಂಗಿಲ್ರಿ."

ಆತ ನಕ್ಕ. "ಹೋದ ವರ್ಷ ಗೆದ್ದಾಕಿ ನೀನ ಅಲ್ಲೇನು?"

"ಅಲ್ರಿ. ಆಕಿ ಬ್ಯಾರೆ" ಎಂದು ಅವ್ವ ಮೊರವನ್ನು ಮತ್ತೆ ಆಡಿಸತೊಡಗಿದಳು. ಆತ ನನ್ನ ಮುಖ ನೋಡಿದ. ನಾನು ನೆಲಕ್ಕೆ ಚೆಲ್ಲಿದ ಅಕ್ಕಿ ಆಯತೊಡಗಿದೆ.

ಈಗ ನಾನಿರುವುದು ದೋಣಿಮಲೈ ಗಣಿಯ ಕ್ವಾರ್ಟರ್ಸ್‌ನಲ್ಲಿ. ಅಪ್ಪ ತೀರಿಹೋದ ಮೇಲೆ ಅವ್ವ ನನ್ನ ಹತ್ತಿರ ಬಂದಳು. ಮೊನ್ನೆ ಉತ್ಸವದ ಸಮಯದಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಹೆಂಗಸರ ಹರಿಗೋಲು ಪಂದ್ಯ ತೋರಿಸಿದಳು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಕಾಲೇಜು ಹುಡುಗಿಯರು. ಅವ್ವ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದಳು. ಮಗಳು ಒಳಗೆ ಹೋದ ಮೇಲೆ, ಮೂವತ್ತು ವರ್ಷ ಬಾಯಿಗೆ ಬಾರದ ಮಾತನ್ನು ಕೇಳಿದೆ.

"ಅವತ್ತು ನಾನು ಕೂಗಿದ್ದು ನಿನಗ ಕೇಳಿತ್ತೇನಬೇ?"

"ಕೇಳಿತ್ತು" ಎಂದಳು. ಕನ್ನಡಕ ತೆಗೆದು ಮಡಿಚುತ್ತ, "ಕೂಗಬಾರದಿತ್ತು ನೀನು" ಎಂದಳು.

ಅಷ್ಟೇ. ಸಿಟ್ಟೂ ಇರಲಿಲ್ಲ ಅದರಲ್ಲಿ. ಹತ್ತು ವರ್ಷದ ಹುಡುಗಿಗೆ ಏನು ತಿಳಿದೀತು ಎಂಬ ಸಮಾಧಾನದ ಮಾತು ಬರುತ್ತದೇನೋ ಎಂದು ಕಾದೆ, ಬರಲಿಲ್ಲ.

ಸೋಫಾದ ಮೇಲೆ ಕುಳಿತಿದ್ದವರಿಗೆ ಅದು ಅರ್ಧ ಗಂಟೆಯ ತಮಾಷೆ. ಮಧ್ಯಾಹ್ನದ ಊಟಕ್ಕೆ ಏಳುವಾಗಲೇ ಮರೆತಿರುತ್ತಾರೆ. ಅಪ್ಪನಿಗೆ ಆಗ ಮೂವತ್ತೈದು, ಅವ್ವನಿಗೆ ಮೂವತ್ತೂ ತುಂಬಿರಲಿಲ್ಲ. ಇನ್ನೂ ಎಷ್ಟೋ ವರ್ಷ ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡು ನಗಬಹುದಾಗಿದ್ದವರು. ಒಬ್ಬ ಶಿಫ್ಟಿನ ಬಸ್ಸು ಕಾಯುತ್ತ ಮುದುಕನಾಗಿ ಹೋದ. ಇನ್ನೊಬ್ಬಳು ಇಲ್ಲಿ, ಹೊಳೆ ಕಾಣದ ಈ ಗುಡ್ಡದ ಮೇಲೆ, ನಲ್ಲಿಗೆ ನೀರು ಬರುವ ಹೊತ್ತಾಯಿತೇನೋ ಎಂದು ನನ್ನನ್ನು ಕೇಳುತ್ತಾಳೆ.